ಯಂತ್ರ 640 ಮೀಟರ್ ಎಂದಿತು, ಗುಂಡಿಯಲ್ಲಿ ಏನೂ ಇರಲಿಲ್ಲ

ಪ್ರಶ್ನೆ: ಕಳೆದ ತಿಂಗಳು ನಮ್ಮ ಬೀದಿಯ 11 ಕೆವಿ ನೆಲದಡಿ ಕೇಬಲ್ ಕೆಟ್ಟಿತ್ತು. ಟೆಸ್ಟಿಂಗ್ ವ್ಯಾನಿನಲ್ಲಿ ಬಂದವರು ಪರದೆ ನೋಡಿ, ದೋಷ 640 ಮೀಟರ್ ದೂರದಲ್ಲಿದೆ ಎಂದರು. ಟೇಪು ಹಿಡಿದು ಅಳೆದು ಅಗೆದರೆ ಕೇಬಲ್ ಹೊಸದರಂತಿತ್ತು. ಮರುದಿನ 30 ಮೀಟರ್ ಹಿಂದೆ ಅಗೆದಾಗ ಸುಟ್ಟ ಜಾಯಿಂಟ್ (ಎರಡು ಕೇಬಲ್ ತುಂಡುಗಳನ್ನು ಸೇರಿಸಿದ ಜಾಗ) ಸಿಕ್ಕಿತು. ಈ ಯಂತ್ರವನ್ನು ನಂಬಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಂಬಬಹುದು. ಆದರೆ ಅದು ಹೇಳಿದ್ದು ಕೇಬಲಿನ ಉದ್ದ, ನಿಮ್ಮವರು ಅಳೆದದ್ದು ರಸ್ತೆಯ ಉದ್ದ. ಮುಂದೆ ಬೇಕಾದೀತೆಂದು ಜಾಯಿಂಟ್ ಮಾಡುವಾಗ ನಾವು ಒಂದು ಸುತ್ತು ಕೇಬಲನ್ನು ಮಣ್ಣಿನಲ್ಲೇ ಬಿಡುತ್ತೇವೆ. ಆರ್‌ಎಂಯು (ರಸ್ತೆಬದಿಯ ಸ್ವಿಚ್) ಪೆಟ್ಟಿಗೆಯ ಬುಡದಲ್ಲಿ ಇನ್ನೊಂದು ಸುತ್ತು. ಮೋರಿ ಬಂದರೆ ಕೇಬಲ್ ಕೆಳಗಿಳಿದು ಮತ್ತೆ ಮೇಲೇಳುತ್ತದೆ. ಇವೆಲ್ಲ ಸೇರಿದರೆ 30 ಮೀಟರ್ ಎಲ್ಲಿಯೂ ಹೋಗಿಲ್ಲ, ನಿಮ್ಮ ರಸ್ತೆಯಡಿಯಲ್ಲೇ ಸುರುಳಿಯಾಗಿ ಮಲಗಿದೆ.

ಯಂತ್ರ ಕೇಬಲಿನೊಳಗೆ ಒಂದು ಸಣ್ಣ ವಿದ್ಯುತ್ ಪಲ್ಸ್ ಕಳಿಸುತ್ತದೆ. ಅಲೆಯಾಗಿ ಸಾಗುವ ಅದು ದೋಷ ಕಂಡಲ್ಲಿಂದ ಮರಳುತ್ತದೆ. ತಂತಿ ತುಂಡಾಗಿದ್ದರೆ ಪರದೆಯ ಗೆರೆ ಮೇಲೇಳುತ್ತದೆ, ಶಾರ್ಟ್ ಆಗಿದ್ದರೆ ಕೆಳಗೆ ಬೀಳುತ್ತದೆ. ಎಕ್ಸ್‌ಎಲ್‌ಪಿಇ (ಪ್ಲಾಸ್ಟಿಕ್ ನಿರೋಧಕ ಹೊದಿಕೆಯ) ಕೇಬಲಿನಲ್ಲಿ ಅಲೆಯ ವೇಗ ಮೈಕ್ರೊಸೆಕೆಂಡಿಗೆ ಸುಮಾರು 160ರಿಂದ 172 ಮೀಟರ್. ಹೋಗಿಬರಲು 8 ಮೈಕ್ರೊಸೆಕೆಂಡ್ (ಹೋಗಲು 4, ಬರಲು 4) ಹಿಡಿದರೆ, ವೇಗ 160 ಎಂದಿಟ್ಟವರಿಗೆ ದೋಷ 640 ಮೀಟರಿನಲ್ಲಿ ಕಾಣುತ್ತದೆ, 172 ಎಂದಿಟ್ಟವರಿಗೆ 688ರಲ್ಲಿ. ಒಂದು ಅಂಕಿ ಬದಲಾದರೆ 48 ಮೀಟರ್ ರಸ್ತೆ! ಆದ್ದರಿಂದಲೇ ಮೊದಲು ಕೆಡದಿರುವ ಕೋರಿನ (ಕೇಬಲಿನೊಳಗಿನ ತಂತಿಗಳಲ್ಲೊಂದರ) ಕೊನೆಯನ್ನು ನೋಡಿ ಎಂದು ನನ್ನ ಹುಡುಗರಿಗೆ ಬಾರಿ ಬಾರಿ ಹೇಳುತ್ತಿದ್ದೆ. ಕೊನೆ 15 ಮೈಕ್ರೊಸೆಕೆಂಡಿಗೆ, ದೋಷ 8ಕ್ಕೆ ಕಂಡರೆ, ವೇಗ ಎಷ್ಟೇ ಇರಲಿ, ದೋಷ ಇರುವುದು ಕೇಬಲಿನ ಹದಿನೈದರಲ್ಲಿ ಎಂಟು ಪಾಲು ದೂರದಲ್ಲಿ.

ಇನ್ನೊಂದು ತೊಡಕಿದೆ. ನೀರು ಸೇರಿ ಕೆಟ್ಟ ಜಾಯಿಂಟನ್ನು ಈ ಸಣ್ಣ ಪಲ್ಸ್ ಎಷ್ಟೋ ಸಲ ಗುರುತಿಸುವುದೇ ಇಲ್ಲ, ದಾಟಿಹೋಗುತ್ತದೆ. ಆಗ ದೊಡ್ಡ ಕೆಪಾಸಿಟರಿನಲ್ಲಿ ಹಲವು ಸಾವಿರ ವೋಲ್ಟ್ ತುಂಬಿಸಿ ಕೇಬಲಿಗೆ ಒಮ್ಮೆಲೇ ಬಿಡುತ್ತೇವೆ. ಕೆಟ್ಟ ಜಾಗದಲ್ಲಿ ಕ್ಷಣಕಾಲ ಕಿಡಿ ಹಾರುತ್ತದೆ. ಆ ಕಿಡಿಯೇ ಶಾರ್ಟ್ ಆದಂತೆ. ಅದೇ ಗಳಿಗೆಗೆ ಕಳಿಸಿದ ಪಲ್ಸ್ ಅಲ್ಲಿಂದ ಮರಳುತ್ತದೆ. ಕಿಡಿಯಿಲ್ಲದಾಗಿನ ಗೆರೆಯ ಮೇಲೆ ಈ ಗೆರೆಯನ್ನಿಟ್ಟರೆ, ಎರಡೂ ಬೇರ್ಪಡುವಲ್ಲಿ ದೋಷ. ಆ ಹೊತ್ತಿನಲ್ಲಿ ಕೇಬಲಿನ ಇನ್ನೊಂದು ತುದಿಯಲ್ಲಿ ಕಾವಲಿಗೆ ಒಬ್ಬರು ನಿಂತಿರಲೇಬೇಕು.

ಇಷ್ಟಾದರೂ ಜೆಸಿಬಿ ಕರೆಯುವ ಹೊತ್ತಲ್ಲ, ಇನ್ನು ಕಿವಿಯ ಕೆಲಸ. ಕಿಡಿ ಹಾರಿದಾಗಲೆಲ್ಲ ಮಣ್ಣಿನೊಳಗೆ ‘ಧಬ್’ ಎಂಬ ಸದ್ದಾಗುತ್ತದೆ. ನೆಲದ ಮೈಕ್ ಇಟ್ಟವರಿಗೆ ಕಾಂತೀಯ ಅಲೆ ತಕ್ಷಣ ತಲುಪುತ್ತದೆ, ಸದ್ದು ತಡವಾಗಿ ಬರುತ್ತದೆ. ಇವೆರಡರ ಅಂತರ ತೀರಾ ಕಡಿಮೆಯಾದ ಜಾಗದಲ್ಲೇ ಗುದ್ದಲಿ ಹಾಕಬೇಕು. ಮೈಕ್ ಇಲ್ಲದ ಒಂದು ರಾತ್ರಿ ನಮ್ಮ ಹಿರಿಯ ಜಾಯಿಂಟರ್ ಒಬ್ಬರು ಹಾರೆಯನ್ನು ನೆಲಕ್ಕೂರಿ, ಅದರ ತುದಿಗೆ ಕಿವಿಯಿಟ್ಟು, ಕಣ್ಣುಮುಚ್ಚಿ ನಿಂತದ್ದು ಇಂದಿಗೂ ನೆನಪಿದೆ. ವಾಹನಗಳ ಸದ್ದು ಅಡಗಲೆಂದು ಎರಡು ಗಂಟೆಯವರೆಗೆ ಕಾದಿದ್ದೆವು. ಅವರು ತೋರಿಸಿದಲ್ಲೇ ಜಾಯಿಂಟ್ ಸುಟ್ಟಿತ್ತು. ನಿಮ್ಮ ಬೀದಿಯಲ್ಲಿ ಈ ಹಂತವನ್ನೇ ಬಿಟ್ಟಿದ್ದಾರೆ ಎಂದು ನನಗನ್ನಿಸುತ್ತದೆ. ಕೇಬಲ್ ಪೈಪಿನೊಳಗಿದ್ದರೆ ಮಾತ್ರ ಎಚ್ಚರ ಬೇಕು: ಸದ್ದು ಪೈಪಿನ ಬಾಯಲ್ಲಿ ಹೊರಬಂದು ದಾರಿ ತಪ್ಪಿಸುತ್ತದೆ.

ಪ್ರಶ್ನೆ: ದೋಷವಾದ ಕ್ಷಣದಲ್ಲೇ ಏಳುವ ಅಲೆಯನ್ನು ಎರಡೂ ತುದಿಗಳಲ್ಲಿ ಹಿಡಿದು ಜಾಗ ಹೇಳಲಾಗದೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಆಗುತ್ತದೆ, ಉದ್ದನೆಯ ಪ್ರಸರಣ ಮಾರ್ಗಗಳಲ್ಲಿ ಈ ವಿಧಾನ ಬಳಕೆಯಲ್ಲಿದೆ. ಜಿಪಿಎಸ್‌ನಿಂದ ಹೊಂದಿಸಿದ ಗಡಿಯಾರಗಳು ಎರಡೂ ತುದಿಗೆ ಅಲೆ ಮುಟ್ಟಿದ ಸಮಯವನ್ನು ದಾಖಲಿಸುತ್ತವೆ. ಆ ವ್ಯತ್ಯಾಸವನ್ನು ವೇಗದಿಂದ ಗುಣಿಸಿ, ಒಟ್ಟು ಉದ್ದಕ್ಕೆ ಕೂಡಿಸಿ, ಎರಡರಿಂದ ಭಾಗಿಸಿದರೆ, ಅಲೆ ತಡವಾಗಿ ಮುಟ್ಟಿದ ತುದಿಯಿಂದ ದೋಷದ ದೂರ ಸಿಗುತ್ತದೆ. ಕೇಬಲಿನಲ್ಲಿ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ಸುಮಾರು 80 ಮೀಟರ್ ತಪ್ಪುತ್ತದೆ. ನಗರದ ಬೀದಿಬೀದಿಗೆ ವಿದ್ಯುತ್ ಒಯ್ಯುವ ಫೀಡರ್‌ಗಳಲ್ಲಿ ಪ್ರತಿ ಕವಲೂ ಅಲೆಯನ್ನು ಒಡೆಯುವುದರಿಂದ ಲೆಕ್ಕ ಕಷ್ಟ. ಎರಡು ಸ್ಟೇಷನ್‌ಗಳ ನಡುವೆ ಕವಲಿಲ್ಲದೆ ಹೋಗುವ 66 ಕೆವಿ ಕೇಬಲ್ ಒಂದನ್ನು ಆರಿಸಿ ಪ್ರಾಜೆಕ್ಟ್ ಮಾಡಿ. ಲೆಕ್ಕಕ್ಕೆ ಕೂರುವ ಮೊದಲು ಅದು ಹೋದ ದಾರಿಯನ್ನು ಒಮ್ಮೆ ನಡೆದು ನೋಡಿ ಬನ್ನಿ.