ಅಜ್ಜಿಯ ಫೋಟೊ ಕೆಳಗೆ ‘ಕಮರ್ಷಿಯಲ್’ ಅಂತ ಯಾಕಿದೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳ ಸಂಸಾರ ಅಮೆರಿಕದ ಒಹಾಯೊದಲ್ಲಿದೆ. ಹೋದ ಬೇಸಿಗೆಯಲ್ಲಿ ಅಲ್ಲಿದ್ದಾಗ ಪಕ್ಕದ ಮನೆಯ ಅಜ್ಜಿ ತಮ್ಮ ಹೈಸ್ಕೂಲಿನ 1956ರ ವಾರ್ಷಿಕ ಸಂಚಿಕೆ ತೋರಿಸಿದರು. ಒಬ್ಬೊಬ್ಬರ ಫೋಟೊ ಕೆಳಗೂ ‘ಕಾಲೇಜ್ ಪ್ರಿಪರೇಟರಿ’, ‘ವೊಕೇಷನಲ್’, ‘ಜನರಲ್’ ಅಂತ ಏನಾದರೊಂದು ಇದೆ. ಅಜ್ಜಿಗೆ ‘ಕಮರ್ಷಿಯಲ್’. ಒಂದೇ ಶಾಲೆಯಲ್ಲಿ ಲ್ಯಾಟಿನ್ನೂ ಬಡಗಿ ಕೆಲಸವೂ ಹೇಗೆ ನಡೆಯುತ್ತಿತ್ತು? ಯಾರಿಗೆ ಯಾವುದು ಅಂತ ಯಾರು ತೀರ್ಮಾನ ಮಾಡುತ್ತಿದ್ದರು? ಇನ್ನೊಂದು ವಿಷಯ. ನನ್ನ ಮೊಮ್ಮಗ ಈಗ ಒಂಬತ್ತನೇ ತರಗತಿ. ಆಟೋ ಶಾಪ್ (ಕಾರು ರಿಪೇರಿ ಕಲಿಸುವ ತರಗತಿ) ಬೇಕು ಅಂತಾನೆ, ಮಗಳು ಬೇಡವೇ ಬೇಡ ಅಂತಾಳೆ. ಏನು ಮಾಡೋಣ?
– ಶಿವಮೊಗ್ಗದ ಓದುಗರು

ಉತ್ತರ: ನಾನು ಮೈಸೂರಿನಲ್ಲಿ ಹುಡುಗಿಯರಿಗೆ ಟೈಪಿಂಗು, ಶಾರ್ಟ್‌ಹ್ಯಾಂಡು ಹೇಳಿಕೊಟ್ಟವಳು. ಹಾಗಾಗಿ ಅಜ್ಜಿಯ ತರಗತಿಯಿಂದಲೇ ಶುರು ಮಾಡುತ್ತೇನೆ.

ಕಮರ್ಷಿಯಲ್ ಅಂದರೆ ಟೈಪಿಂಗ್, ಶಾರ್ಟ್‌ಹ್ಯಾಂಡ್, ಲೆಕ್ಕ ಬರೆಯುವುದು, ಕಚೇರಿ ಪತ್ರ. ಕೂತಿದ್ದವರು ಹೆಚ್ಚಾಗಿ ಹುಡುಗಿಯರು. ಸಾಲಾಗಿ ಟೈಪ್ ಮಾಡುವ ರಾಯಲ್, ಅಂಡರ್‌ವುಡ್ ಮಷಿನ್‌ಗಳು. ಎಷ್ಟೋ ಕಡೆ ಕೀಲಿಗಳ ಮೇಲಿನ ಅಕ್ಷರ ಕಾಣದ ಹಾಗೆ ಮುಚ್ಚಿಬಿಡುತ್ತಿದ್ದರು. ಗೋಡೆಯ ಚಾರ್ಟ್ ನೋಡಿಕೊಂಡೇ ಬೆರಳು ಓಡಬೇಕು. ನಮ್ಮ ಇನ್‌ಸ್ಟಿಟ್ಯೂಟುಗಳಲ್ಲಿ ‘ಎ ಎಸ್ ಡಿ ಎಫ್’ ಹೊಡೆದವರಿಗೆ ಆ ಸದ್ದು ಗೊತ್ತು, ಅಲ್ವಾ? ಶಾರ್ಟ್‌ಹ್ಯಾಂಡ್ ಮಾತ್ರ ಬೇರೆ. ನಮ್ಮದು ಪಿಟ್‌ಮನ್: ‘ಪ’ಕ್ಕೆ ತೆಳು ಗೀಟು, ‘ಬ’ಕ್ಕೆ ಅದೇ ಗೀಟು ದಪ್ಪಗೆ. ಅವರದು ಗ್ರೆಗ್. ಅದರಲ್ಲಿ ದಪ್ಪ, ತೆಳು ಅಂತ ಇಲ್ಲ. ‘ಪ’ ಚಿಕ್ಕ ಬಾಗು, ‘ಬ’ ಅದೇ ಬಾಗು ಉದ್ದಕ್ಕೆ. ಪೆನ್ನು ಒತ್ತಬೇಕಿಲ್ಲ, ಕೈ ಜಾರಿಕೊಂಡು ಹೋಗುತ್ತದೆ. 1949ರಲ್ಲಿ ಅದನ್ನು ಇನ್ನಷ್ಟು ಸರಳ ಮಾಡಿದರು. ಅಜ್ಜಿ ಕಲಿತದ್ದು ಅದನ್ನೇ ಇರಬೇಕು. ಇದು ಸುಮ್ನೆ ಹೊತ್ತು ಕಳೆಯುವ ಪಾಠ ಆಗಿರಲಿಲ್ಲ. ಹೈಸ್ಕೂಲ್ ಮುಗಿಸಿದ ಹುಡುಗಿ ನೇರವಾಗಿ ಬ್ಯಾಂಕಿಗೋ ಇನ್ಶೂರೆನ್ಸ್ ಕಚೇರಿಗೋ ಸೇರಿ ಸಂಬಳ ತರುತ್ತಿದ್ದಳು. ಆ ವಿದ್ಯೆಯನ್ನು ಯಾರಾದರೂ ಕೀಳಾಗಿ ಮಾತಾಡಿದರೆ ನನಗೆ ಸಂಕಟವಾಗುತ್ತದೆ.

ಹುಡುಗರ ‘ಶಾಪ್’ ಎಂಬ ಕೈಕೆಲಸದ ತರಗತಿಯಲ್ಲಿ ಎರಡು ಥರ ಇತ್ತು. ಒಂದು, ಕಾಲೇಜಿಗೆ ಹೋಗುವವನೂ ತೆಗೆದುಕೊಳ್ಳಬಹುದಾದ ಒಂದು ಪೀರಿಯಡ್ಡಿನ ಮರಗೆಲಸ, ಲೋಹದ ಕೆಲಸ, ಡ್ರಾಯಿಂಗ್. ಇನ್ನೊಂದು ನಿಜವಾದ ವೊಕೇಷನಲ್, ಅಂದರೆ ಕಸುಬಿನ ಶಿಕ್ಷಣ. ಅದಕ್ಕೆ 1917ರ ಸ್ಮಿತ್-ಹ್ಯೂಸ್ ಕಾಯ್ದೆಯಡಿ ಕೇಂದ್ರ ಸರ್ಕಾರದ ದುಡ್ಡು ಬರುತ್ತಿತ್ತು. ದುಡ್ಡಿನ ಜೊತೆ ಷರತ್ತೂ ಇತ್ತು: ಕಸುಬು ಕಲಿಯುವವನ ಅರ್ಧದಷ್ಟು ಹೊತ್ತು ಕೈಕೆಲಸಕ್ಕೇ ಹೋಗಬೇಕು. ದಿನದ ಅರ್ಧ ಲೇತ್ (ಲೋಹ ಕಡೆಯುವ ಯಂತ್ರ) ಮುಂದೆ ನಿಂತವನಿಗೆ ಫಿಸಿಕ್ಸಿಗೆ, ಲ್ಯಾಟಿನ್‌ಗೆ ಪೀರಿಯಡ್ ಎಲ್ಲಿಂದ ಬರಬೇಕು? ಹಳ್ಳಿ ಕಡೆ ಕೃಷಿ ತರಗತಿ ಇತ್ತು. ಹುಡುಗ ಮನೆಯ ಹೊಲದಲ್ಲೇ ಮುಸುಕಿನ ಜೋಳ ಬೆಳೆದೋ ಹಂದಿ ಸಾಕಿಯೋ ಲೆಕ್ಕ ಬರೆದಿಡಬೇಕು. ಮೇಷ್ಟ್ರು ಬಂದು ನೋಡುತ್ತಿದ್ದರು.

ಯಾರು ತೀರ್ಮಾನಿಸುತ್ತಿದ್ದರು ಎಂಬ ಪ್ರಶ್ನೆ ನನಗೂ ಬಹಳ ಮುಖ್ಯ. ಕಾಗದದ ಮೇಲೆ ಮಗು, ತಂದೆ ತಾಯಿ. ನಿಜದಲ್ಲಿ ಬಹಳ ಸಲ ಬುದ್ಧಿಮತ್ತೆ ಪರೀಕ್ಷೆಯ ಅಂಕ ಮತ್ತು ಯಾವ ವಿಷಯ ಓದಬೇಕೆಂದು ಸಲಹೆ ಕೊಡುವ ಗೈಡೆನ್ಸ್ ಕೌನ್ಸೆಲರ್. ಅದೂ ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ. ಎಲ್ಲ ನಿಂತಿದ್ದದ್ದು ಒಂಬತ್ತನೇ ತರಗತಿಯ ಆಲ್ಜೀಬ್ರಾ ಮೇಲೆ. ಒಂಬತ್ತರಲ್ಲಿ ಆಲ್ಜೀಬ್ರಾ, ಹತ್ತರಲ್ಲಿ ಜಾಮಿಟ್ರಿ, ಹನ್ನೊಂದರಲ್ಲಿ ಮತ್ತೆ ಆಲ್ಜೀಬ್ರಾ, ಹನ್ನೆರಡರಲ್ಲಿ ಟ್ರಿಗ್ನಾಮೆಟ್ರಿ. ಮೊದಲ ವರ್ಷ ಅದರ ಬದಲು ‘ಜನರಲ್ ಮ್ಯಾತ್ಸ್’ಗೆ ಕೂರಿಸಿದರೆ, ಹದಿನೇಳಕ್ಕೆ ಎಂಜಿನಿಯರ್ ಆಗುವ ಆಸೆ ಹುಟ್ಟಿದರೂ ವಾಪಸ್ ಬರುವುದು ತುಂಬಾ ಕಷ್ಟ. ದಾರಿ ಮುಚ್ಚಿತು ಅಂತ ಆ ಮಗುವಿಗೆ ಯಾರೂ ಹೇಳಿರುತ್ತಿರಲಿಲ್ಲ. ಬಡವರ ಮಕ್ಕಳಿಗೆ, ಕಪ್ಪು ಜನರ ಮಕ್ಕಳಿಗೆ, ಮೆಕ್ಸಿಕನ್ ಮೂಲದವರಿಗೆ ಹೀಗಾದದ್ದೇ ಜಾಸ್ತಿ. 1968ರ ಮಾರ್ಚಿನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲ್ ಮಕ್ಕಳು ಸಾವಿರಗಟ್ಟಲೆ ತರಗತಿ ಬಿಟ್ಟು ಬೀದಿಗೆ ಬಂದರು. ನಮ್ಮನ್ನು ಕೈಕೆಲಸಕ್ಕೇ ತಳ್ಳುತ್ತೀರಿ, ಕಾಲೇಜಿಗೆ ಬೇಕಾದ ಪಾಠ ಕೊಡುವುದಿಲ್ಲ ಎನ್ನುವುದು ಅವರ ದೂರುಗಳಲ್ಲೊಂದು. ಹುಡುಗಿಯರಿಗಂತೂ ಹೋಮ್ ಸೈನ್ಸ್ ಬಾಗಿಲು ತೆರೆದೇ ಇತ್ತು, ಶಾಪ್ ಬಾಗಿಲು ಮುಚ್ಚಿತ್ತು. ಷಿಕಾಗೋದ ಹೆಸರಾಂತ ಲೇನ್ ಟೆಕ್ನಿಕಲ್ ಹೈಸ್ಕೂಲ್ ಹುಡುಗಿಯರನ್ನು ಸೇರಿಸಿಕೊಂಡದ್ದೇ 1971ರಲ್ಲಿ.

‘ಜನರಲ್’ ಎಂದರೆ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. 1945ರಲ್ಲಿ ವೃತ್ತಿ ಶಿಕ್ಷಣದ ದೊಡ್ಡ ಹೆಸರು ಚಾರ್ಲ್ಸ್ ಪ್ರಾಸರ್ ಒಂದು ಲೆಕ್ಕ ಕೊಟ್ಟರು: ಶೇಕಡ 20 ಮಕ್ಕಳು ಕಾಲೇಜಿಗೆ, 20 ಕಸುಬಿಗೆ, ಉಳಿದ 60 ಮಕ್ಕಳಿಗೆ ‘ಬದುಕಿಗೆ ಹೊಂದಿಕೊಳ್ಳುವ’ ಪಾಠ. ಲೇತ್ ಕಲಿತ ಹುಡುಗನ ಕೈಯಲ್ಲಿ ಕಸುಬಾದರೂ ಇತ್ತು. ಜನರಲ್ ಮಕ್ಕಳಿಗೆ ಅದೂ ಇಲ್ಲ, ಇದೂ ಇಲ್ಲ. ನನ್ನ ಪ್ರಕಾರ ದೊಡ್ಡ ಅನ್ಯಾಯ ಆದದ್ದು ಅವರಿಗೆ.

1957ರಲ್ಲಿ ರಷ್ಯದ ಸ್ಪುಟ್ನಿಕ್ ಹಾರಿತು. ಮರುವರ್ಷವೇ ಅಮೆರಿಕದಲ್ಲಿ ವಿಜ್ಞಾನ, ಗಣಿತ, ವಿದೇಶಿ ಭಾಷೆಗೆ ಹೊಸ ಕಾಯ್ದೆ, ಹೊಸ ದುಡ್ಡು. ಜಾಣ ಮಕ್ಕಳನ್ನು ಹುಡುಕಲು ಪರೀಕ್ಷೆಗಳಿಗೂ ಕೌನ್ಸೆಲರ್‌ಗಳಿಗೂ ದುಡ್ಡು. ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಜೇಮ್ಸ್ ಬ್ರಯಂಟ್ ಕೊನಂಟ್ 1959ರಲ್ಲಿ ಹೈಸ್ಕೂಲುಗಳ ಬಗ್ಗೆ ವರದಿ ಕೊಟ್ಟರು. ಎಲ್ಲರೂ ಒಂದೇ ಶಾಲೆಯಲ್ಲಿರಲಿ, ಆದರೆ ಮಕ್ಕಳಿಗೆ ‘ಕಾಲೇಜು’, ‘ವೊಕೇಷನಲ್’ ಅಂತ ಹಣೆಪಟ್ಟಿ ಬೇಡ, ವಿಷಯಕ್ಕೊಂದರಂತೆ ಅವರವರ ಶಕ್ತಿ ನೋಡಿ ತರಗತಿ ಕೊಡಿ ಎಂದರು. ಅಂದರೆ ಅಜ್ಜಿಯ ಫೋಟೊ ಕೆಳಗಿನ ಆ ಸಾಲೇ ಬೇಡ ಎಂದರು.

ನಮಗೂ ಇದರ ಗಾಳಿ ಬೀಸಿತ್ತು. ನಮ್ಮ ಪ್ರೌಢ ಶಿಕ್ಷಣ ಹೇಗಿರಬೇಕೆಂದು ನೋಡಿದ 1952–53ರ ಮುದಲಿಯಾರ್ ಆಯೋಗದಲ್ಲಿ ಅಟ್ಲಾಂಟಾದಿಂದ ಬಂದ ಅಮೆರಿಕನ್ ಸದಸ್ಯರೊಬ್ಬರಿದ್ದರು. ಆಯೋಗ ಸಾಮಾನ್ಯ ಪಾಠದ ಜೊತೆ ಕಸುಬಿನ ವಿಷಯಗಳನ್ನೂ ಕಲಿಸುವ ಬಹೂದ್ದೇಶ ಪ್ರೌಢಶಾಲೆಗಳನ್ನು ಶಿಫಾರಸು ಮಾಡಿತು. ಅವುಗಳಿಗೆ ಮೇಷ್ಟ್ರುಗಳನ್ನು ತಯಾರು ಮಾಡಲೆಂದೇ 1963ರಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಶುರುವಾಯಿತು.

ಇನ್ನು ಮೊಮ್ಮಗನ ವಿಚಾರ. ಆಟೋ ಶಾಪ್ ತೆಗೆದುಕೊಳ್ಳಲಿ. ಎಂಜಿನ್ ಬಿಚ್ಚಿ ಜೋಡಿಸಿದ ಹುಡುಗನಿಗೆ ಫಿಸಿಕ್ಸ್ ಚೆನ್ನಾಗಿ ತಲೆಗೆ ಹತ್ತುತ್ತದೆ. ಇದನ್ನು ನನ್ನ ಶಾಲೆಯ ವರ್ಕ್‌ಶಾಪಿನ ಹುಡುಗರಲ್ಲಿ ಕಣ್ಣಾರೆ ಕಂಡಿದ್ದೇನೆ. ಆದರೆ ಮಗಳು ಸುಮ್ಮನೆ ಸಹಿ ಹಾಕಬಾರದು. ಕೌನ್ಸೆಲರ್ ಹತ್ತಿರ ಕೂತು ಹನ್ನೆರಡನೇ ತರಗತಿವರೆಗಿನ ನಾಲ್ಕು ವರ್ಷದ ವಿಷಯಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಲಿ. ಆಟೋ ಶಾಪ್ ಪೀರಿಯಡ್ ಯಾವುದನ್ನು ತಳ್ಳಿ ಬರುತ್ತಿದೆ ಎಂದು ಕೇಳಲಿ. ಗಣಿತವನ್ನೋ ವಿಜ್ಞಾನವನ್ನೋ ತಳ್ಳಿದರೆ ಬೇರೆ ಪೀರಿಯಡ್ ಹುಡುಕಲು ಹೇಳಬೇಕು. ಆಲ್ಜೀಬ್ರಾ ಜಾಗದಲ್ಲೇ ಉಳಿದಿದ್ದರೆ ಧೈರ್ಯವಾಗಿ ಒಪ್ಪಿಕೊಳ್ಳಲು ಹೇಳಿ.