ಮಗ ಬಿಟ್ಟುಹೋದ ಬೋವಾಗೆ ಕಚ್ಚಿಸಿಕೊಳ್ಳದೆ ಊಟ ಹಾಕೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಮಗ ಕಾಲೇಜಿಗೆ ಅಂತ ಬೇರೆ ಊರಿಗೆ ಹೋದ. ಅವನು ಸಾಕಿದ 7 ಅಡಿ ಬೋವಾ (ಹೆಬ್ಬಾವಿನ ಥರ ಸುತ್ತಿ ಹಿಸುಕುವ, ವಿಷವಿಲ್ಲದ ಹಾವು) ನಿಮ್ಮ ಪಾಲಿಗೆ ಉಳಿಯಿತು. ಕೊಂದು ಫ್ರೀಜರ್‌ನಲ್ಲಿಟ್ಟ ಇಲಿಯನ್ನು ವಾರಕ್ಕೊಂದರಂತೆ ಹಾಕುತ್ತಿದ್ದೀರಿ. ಅದನ್ನಿಟ್ಟ ಟ್ಯಾಂಕಿನ ಗಾಜಿನ ಬಾಗಿಲು ಸರಿಸಿದರೆ ಸಾಕು, ಬಾಣದ ಹಾಗೆ ಮೇಲೆ ಬರುತ್ತದೆ, ಹೋದ ತಿಂಗಳು ಹೆಬ್ಬೆರಳು ಹಿಡಿಯಿತು, ಅದಕ್ಕೆ ನನ್ನ ಕಂಡರೆ ಆಗೋದಿಲ್ಲ ಅಂತ ಬರೆದಿದ್ದೀರಿ.

ಅದಕ್ಕೆ ನಿಮ್ಮ ಮೇಲೆ ಯಾವ ಸಿಟ್ಟೂ ಇಲ್ಲ ಸರ್. ನಿಮ್ಮ ಹೆಬ್ಬೆರಳನ್ನು ಇಲಿ ಅಂದುಕೊಂಡಿದೆ, ಅಷ್ಟೇ. ಬಾಗಿಲು ತೆರೆದರೆ ಊಟ ಅಂತ ಅದಕ್ಕೆ ಪಾಠ ಮಾಡಿದವರೂ ನೀವೇ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದೇ ಪಾಠ ಮಾಡಿ ಅನುಭವಿಸಿದವನು.

ನಾನು ಹಾವಿನ ಡಾಕ್ಟರ್ ಅಲ್ಲ. ಟೆಕ್ಸಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯಲ್ಲಿ 8 ಅಡಿಯ ಒಂದು ಬೋವಾ, ಪರ್ಮಿಟ್ ಮಾಡಿಸಿ ಇಟ್ಟುಕೊಂಡ 13 ಅಡಿಯ ಒಂದು ಬರ್ಮೀಸ್ ಹೆಬ್ಬಾವು ಇವೆ. ಎರಡೂ ಹೆಣ್ಣು. ಊರಿನಲ್ಲಿ ಕೂತು ಇದನ್ನು ಓದಿ ಆಸೆಪಡುವವರಿಗೆ ಈಗಲೇ ಹೇಳಿಬಿಡುತ್ತೇನೆ: ನಮ್ಮ ಕಾಡಿನ ಹೆಬ್ಬಾವನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನಾನು ಹೇಳುತ್ತಿರುವುದು ಇಲ್ಲಿನ, ಸಾಕಣೆಯಲ್ಲೇ ಹುಟ್ಟಿ ಬೆಳೆದ ಹಾವುಗಳ ವಿಷಯ.

ಹಾವು ಎರಡು ಥರ ಕಚ್ಚುತ್ತದೆ. ಒಂದು ಹೆದರಿ ಕಚ್ಚುವುದು. ಕುತ್ತಿಗೆಯನ್ನು ಸೊಟ್ಟ ಮಾಡಿ ಹಿಂದಕ್ಕೆಳೆದುಕೊಂಡು ಬುಸ್ ಅನ್ನುತ್ತದೆ, ಟಪ್ ಅಂತ ಹೊಡೆದು ತಕ್ಷಣ ಬಿಡುತ್ತದೆ. ಸ್ವಲ್ಪ ರಕ್ತ ಬರುತ್ತದೆ, ಮುಗಿಯಿತು. ಇನ್ನೊಂದು ಊಟ ಅಂತ ಕಚ್ಚುವುದು. ಅದರಲ್ಲಿ ಬುಸ್ಸೂ ಇಲ್ಲ, ಎಚ್ಚರಿಕೆಯೂ ಇಲ್ಲ. ತಲೆ ನಿಧಾನವಾಗಿ ನಿಮ್ಮ ಕಡೆ ತಿರುಗುತ್ತದೆ, ನಾಲಗೆ ಬೇಗ ಬೇಗ ಆಡುತ್ತದೆ, ಮೈ ಗಟ್ಟಿಯಾಗುತ್ತದೆ. ಆಮೇಲೆ ಹಿಡಿದರೆ ಬಿಡುವುದಿಲ್ಲ, ಸುತ್ತಿಕೊಳ್ಳುತ್ತದೆ. ನಿಮಗೆ ಆಗಿದ್ದು ಎರಡನೆಯದು. 'ಹಿಡಿಯಿತು' ಅಂತ ನೀವೇ ಬರೆದಿದ್ದೀರಲ್ಲ, ಆ ಮಾತಿನಲ್ಲೇ ಗೊತ್ತಾಯಿತು.

ಹಾವಿನ ಕಣ್ಣು ಅಷ್ಟಕ್ಕಷ್ಟೇ. ಊಟ ಯಾವುದು ಅಂತ ಅದು ಗುರುತು ಹಿಡಿಯುವುದು ಜಾಸ್ತಿ ವಾಸನೆಯಿಂದ ಮತ್ತು ಬಿಸಿಯಿಂದ. ಹೆಬ್ಬಾವಿಗೆ ತುಟಿಯ ಮೇಲೆ ಸಾಲಾಗಿ ಪುಟ್ಟ ಗುಳಿಗಳಿರುತ್ತವೆ, ಕತ್ತಲಲ್ಲೂ ಬಿಸಿ ರಕ್ತದ ಪ್ರಾಣಿ ಎಲ್ಲಿದೆ ಅಂತ ಅವು ಹೇಳುತ್ತವೆ. ಬೋವಾಗೆ ಆ ಗುಳಿಗಳು ಕಾಣುವುದಿಲ್ಲ, ಆದರೆ ತುಟಿಗೆ ಬಿಸಿ ಗೊತ್ತಾಗುತ್ತದೆ. ಈಗ ನಿಮ್ಮ ಊಟದ ದಿನವನ್ನು ಹಾವಿನ ಕಡೆಯಿಂದ ನೋಡಿ. ಬಾಗಿಲು ಸರಿಯಿತು, ಅಂದರೆ ಊಟ. ಗಾಳಿಯಲ್ಲಿ ಇಲಿ ವಾಸನೆ. ಎದುರಿಗೆ ಎರಡು ವಸ್ತು: ಅರ್ಧಂಬರ್ಧ ಕರಗಿದ ತಣ್ಣನೆ ಇಲಿ, ಮತ್ತು ಅದನ್ನು ಬಾಲದಲ್ಲಿ ಹಿಡಿದ ನಿಮ್ಮ ಬೆಚ್ಚನೆ ಕೈ. ನೀವೇ ಹಾವಾಗಿದ್ದರೆ ಯಾವುದಕ್ಕೆ ಬಾಯಿ ಹಾಕುತ್ತಿದ್ದಿರಿ?

ಹಾಗಾಗಿ ಮೊದಲ ಕೆಲಸ, ಇಲಿಯನ್ನು ನಿಮಗಿಂತ ಬಿಸಿ ಮಾಡುವುದು. ಹಿಂದಿನ ರಾತ್ರಿ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನಲ್ಲಿಡಿ. ಮರುದಿನ ಜಿಪ್ ಕವರ್‌ಗೆ ಹಾಕಿ, ಕೈಗೆ ಚೆನ್ನಾಗಿ ಬಿಸಿ ತಾಗುವ ನೀರಿನಲ್ಲಿ ಮುಳುಗಿಸಿ. ಹೊಟ್ಟೆಯ ಜಾಗ ಒತ್ತಿ ನೋಡಿ, ಒಳಗೆ ಗಟ್ಟಿ ಇದ್ದರೆ ಇನ್ನೂ ಕರಗಿಲ್ಲ. ಮೇಲ್ಮೈ 38ರಿಂದ 40 ಡಿಗ್ರಿ ಸೆಲ್ಸಿಯಸ್ ಬಂದರೆ ಸಾಕು. ಕೊನೆಗೆ ಟಿಶ್ಯೂನಲ್ಲಿ ಒರೆಸಿ, ಇಲಿಯ ತಲೆಗೆ ಹೇರ್ ಡ್ರೈಯರ್ ಗಾಳಿ ಬಿಡಿ. ತಲೆ ಬಿಸಿಯಾಗಿದ್ದರೆ ಹಾವು ತಲೆಯನ್ನೇ ಹಿಡಿಯುತ್ತದೆ, ನುಂಗಲು ಸಲೀಸು. ಮೈಕ್ರೋವೇವ್ ಮಾತ್ರ ಬೇಡ. ಒಳಗೆ ಒಂದು ಕಡೆ ಬೇಯುತ್ತದೆ, ಇನ್ನೊಂದು ಕಡೆ ಒಡೆಯುತ್ತದೆ. ಒಮ್ಮೆ ಒಡೆದರೆ ಆ ಮೈಕ್ರೋವೇವ್ ಮನೆಯಿಂದ ಆಚೆ ಹೋಗಬೇಕಾಗುತ್ತದೆ.

ಇಲಿ ಮುಟ್ಟುವ ಪಾತ್ರೆ, ಬಕೆಟ್ ಎಲ್ಲ ಬೇರೆ ಇರಲಿ, ಅಡುಗೆಮನೆ ಸಿಂಕ್ ಬೇಡ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಫ್ರೀಜರ್‌ನಲ್ಲಿ ಸಾಯುವುದಿಲ್ಲ. ನಮ್ಮ ಮನೆಯಲ್ಲಿ ಬೇರೆ ಫ್ರೀಜರ್ ಬಂದಿದ್ದು ಇನ್ನೊಂದು ಕಾರಣಕ್ಕೆ. ಅಮ್ಮ ಮೈಸೂರಿನಿಂದ ಆರು ತಿಂಗಳಿಗೆ ಅಂತ ಬಂದಿದ್ದಾಗ ಹಿದುಕಿದ ಅವರೆಕಾಳಿನ ಪ್ಯಾಕೆಟ್ ಹುಡುಕುತ್ತಾ ಕೈಗೆ ಸಿಕ್ಕಿದ್ದನ್ನು ಎಳೆದರು. ಬಾಲ ಹೊರಗೆ ಬಂತು. ಅವತ್ತು ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ, ಮರುದಿನ ಗ್ಯಾರೇಜಿಗೆ ಹೊಸ ಫ್ರೀಜರ್ ಬಂತು.

ಎರಡನೆಯ ಕೆಲಸ ಉದ್ದ ಇಕ್ಕಳ. ಎರಡು ಅಡಿಗಿಂತ ಕಡಿಮೆ ಇದ್ದರೆ ತೆಗೆದುಕೊಳ್ಳಬೇಡಿ. ನಿಮ್ಮ ಬೋವಾ ತನ್ನ ಮೈಯ ಮೂರನೇ ಒಂದು ಭಾಗದಷ್ಟು ದೂರ ಆರಾಮಾಗಿ ಹಾರುತ್ತದೆ. ಇಲಿಯನ್ನು ಸೊಂಟದ ಹತ್ತಿರ ಹಿಡಿದು, ಹಾವಿನ ಮುಖಕ್ಕೆ ಚುಚ್ಚದೆ, ಸ್ವಲ್ಪ ದೂರದಲ್ಲಿ ಒಮ್ಮೆ ಅಲ್ಲಾಡಿಸಿ. ಹಿಡಿಯಿತೋ, ಇಕ್ಕಳ ಬಿಟ್ಟುಬಿಡಿ. ತಮಾಷೆಗೆ ಎಳೆದಾಡಬೇಡಿ, ಹಲ್ಲು ಮುರಿಯುತ್ತದೆ. ಬಾಗಿಲು ಹಾಕಿ, ಬೀಗ ಹಾಕಿ, ಲೈಟ್ ಆರಿಸಿ, ಹೋಗಿ ಟೀ ಕುಡಿಯಿರಿ. ಬೆಳಗ್ಗೆವರೆಗೆ ಆ ಬಾಗಿಲು ತೆರೆಯುವ ಹಾಗಿಲ್ಲ. ತಿನ್ನದೆ ಬಿಟ್ಟಿದ್ದರೆ ಬೆಳಗ್ಗೆ ಅದೇ ಇಕ್ಕಳದಲ್ಲಿ ತೆಗೆದು ಬಿಸಾಡಿ.

ಜೀವಂತ ಇಲಿ ಹಾಕಿದರೆ ಚೆನ್ನಾಗಿ ತಿನ್ನುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಸಿವಿಲ್ಲದ ಹಾವಿನ ಜೊತೆ ರಾತ್ರಿಯಿಡೀ ಬಿಟ್ಟ ಇಲಿ ಹಾವಿನ ಬೆನ್ನನ್ನೇ ಕೆರೆದು ತಿಂದ ಉದಾಹರಣೆಗಳಿವೆ.

ಈಗ ನನ್ನ ಕಥೆ. ನಾಲ್ಕು ವರ್ಷದ ಹಿಂದೆ ಬೋವಾಗೆ ಇಲಿ ಕೊಟ್ಟೆ, ನುಂಗಿತು, ಅರ್ಧ ಗಂಟೆ ಆಯಿತು. ನೋಡಿದರೆ ನೀರಿನ ಬಟ್ಟಲು ಮಗುಚಿಕೊಂಡಿದೆ. ಹೊಟ್ಟೆ ತುಂಬಿದೆ, ಇನ್ನೇನು ಮಾಡೀತು ಅಂತ ಕೈ ಹಾಕಿದೆ. ಊಟ ಸಿಕ್ಕ ಮೇಲೆ ಹಾವು ಗಂಟೆಗಟ್ಟಲೆ ಇನ್ನೊಂದು ಸಿಗುತ್ತದಾ ಅಂತ ಕಾಯುತ್ತಿರುತ್ತದೆ. ಅದು ನನಗೆ ಆಗ ಗೊತ್ತಿರಲಿಲ್ಲ. ಕಚ್ಚಿದ್ದು ಕಾಣಲೇ ಇಲ್ಲ. ಕೈ ಇದ್ದಕ್ಕಿದ್ದಂತೆ ಭಾರವಾಯಿತು, ನೋಡಿದರೆ ಮಣಿಕಟ್ಟಿಗೆ ಎರಡು ಸುತ್ತು ಬಿದ್ದಾಗಿತ್ತು. ನಾನು ಮಾಡಿದ ಮೊದಲ ಕೆಲಸ ಕೈ ಎಳೆದಿದ್ದು. ಅದೇ ತಪ್ಪು. ಇವುಗಳ ಹಲ್ಲು ಗಂಟಲಿನ ಕಡೆ ಬಾಗಿರುತ್ತವೆ, ಮೀನಿನ ಗಾಳದ ಥರ. ಕಚ್ಚಿದ್ದರಿಂದ ಆದದ್ದು ಬರೀ ಚುಕ್ಕಿಗಳು. ಎಳೆದಿದ್ದರಿಂದ ಮೂರು ಉದ್ದ ಗೀರು.

ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿದ್ದವು. ನನ್ನ ಹೆಂಡತಿಗೆ ಹಾವು ಕಂಡರೆ ಅಷ್ಟು ಪ್ರೀತಿ ಏನಿಲ್ಲ. ಆದರೆ ಅವತ್ತು ಬಂದವಳೇ, 'ಎಳೀಬೇಡಿ, ಸುಮ್ನಿರಿ' ಅಂತ ಗದರಿಸಿ, ಬಾಲದ ತುದಿ ಹಿಡಿದು ಜಡೆ ಬಿಚ್ಚುವ ಹಾಗೆ ಒಂದೊಂದೇ ಸುತ್ತು ಬಿಚ್ಚಿದಳು. ಬಾಲದ ಕಡೆ ಶಕ್ತಿ ಕಡಿಮೆ, ಅಲ್ಲಿಂದಲೇ ಶುರು ಮಾಡಬೇಕು. ಹಾವಿನ ತಲೆ ಸಮೇತ ಕೈಯನ್ನು ನಲ್ಲಿ ಕೆಳಗೆ ಹಿಡಿದು ತಣ್ಣೀರು ಬಿಟ್ಟೆವು. ಸ್ವಲ್ಪ ಹೊತ್ತಿಗೆ ಬಾಯಿ ಸಡಿಲವಾಯಿತು. ಬಿಡಿಸುವಾಗ ತಲೆಯನ್ನು ಮೊದಲು ಮುಂದಕ್ಕೆ, ಅಂದರೆ ಕೈಯ ಕಡೆಗೇ ಒತ್ತಬೇಕು. ಆಗ ಹಲ್ಲು ಕಳಚಿಕೊಳ್ಳುತ್ತವೆ, ಆಮೇಲೆ ಎತ್ತಬೇಕು. ತಣ್ಣೀರಿಗೆ ಜಗ್ಗದಿದ್ದರೆ ಬಾಯಂಚಿಗೆ ಎರಡು ಹನಿ ಹ್ಯಾಂಡ್ ಸ್ಯಾನಿಟೈಸರ್ ಅಥವಾ ವೋಡ್ಕಾ ಹಾಕುವವರಿದ್ದಾರೆ. ಹಾವಿನ ಬಾಯಿಗೂ ಒಳ್ಳೆಯದಲ್ಲ, ಕೊನೆಯ ಉಪಾಯ ಅಂತ ಮಾತ್ರ ಇಟ್ಟುಕೊಳ್ಳಿ. ಸೋಪು ಹಾಕಿ ತೊಳೆದು, ಟೆಟನಸ್ ಇಂಜೆಕ್ಷನ್ ಹಾಕಿಸಿಕೊಂಡೆ. ವಿಷ ಇಲ್ಲ ಅಂತ ಅಲ್ಲಿನ ಡಾಕ್ಟರ್‌ಗೆ ಮೂರು ಸಲ ಹೇಳಬೇಕಾಯಿತು. ನಾಲ್ಕು ದಿನ ಆದಮೇಲೆ ಮಣಿಕಟ್ಟಿನಲ್ಲಿ ಏನೋ ಚುಚ್ಚಿದ ಹಾಗಾಯಿತು. ಒತ್ತಿದರೆ ಜಾಲಿ ಮುಳ್ಳಿನ ತುದಿಯಂಥ ಸಣ್ಣ ಹಲ್ಲು ಹೊರಬಂತು. ಈಗಲೂ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಒದ್ದಾಡಿದರೆ ಬಿಗಿ ಜಾಸ್ತಿಯಾಗುವುದಕ್ಕೆ ಕಾರಣ ಇದೆ. ಅಮೆರಿಕದ ಡಿಕಿನ್ಸನ್ ಕಾಲೇಜಿನ ಸ್ಕಾಟ್ ಬೋಬ್ಯಾಕ್ ಮತ್ತು ಅವರ ಜೊತೆಗಾರರು 2012ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸತ್ತ ಇಲಿಯೊಳಗೆ ನಕಲಿ ಹೃದಯ ಇಟ್ಟು, ಅದು ಬಡಿಯುವ ಹಾಗೆ ಮಾಡಿ ಬೋವಾಗಳಿಗೆ ಕೊಟ್ಟರು. ಬಡಿತ ಇರುವವರೆಗೂ ಬೋವಾ ಹೆಚ್ಚು ಬಿಗಿಯಾಗಿ, ಹೆಚ್ಚು ಹೊತ್ತು ಹಿಸುಕಿತು. ಅದು ಬಡಿತವನ್ನು ಮೈಯಲ್ಲೇ ಕೇಳುತ್ತದೆ ಅನ್ನಿ. 2015ರಲ್ಲಿ ಅದೇ ತಂಡ ಇನ್ನೊಂದು ವಿಷಯ ತೋರಿಸಿತು: ಬೋವಾ ಹಿಸುಕಿದಾಗ ಇಲಿಯ ರಕ್ತದ ಓಡಾಟವೇ ಕೆಲವು ಸೆಕೆಂಡಿನಲ್ಲಿ ಕುಸಿಯುತ್ತದೆ. ಉಸಿರು ಕಟ್ಟಿ ಸಾಯುತ್ತದೆ ಅಂತ ನಾವೆಲ್ಲ ಓದಿಕೊಂಡು ಬಂದಿದ್ದೆವು, ಅಲ್ವಾ? ಅದಕ್ಕೇ ಹೇಳುವುದು, ಇಷ್ಟು ದೊಡ್ಡ ಹಾವನ್ನು ಫೋಟೋಗಾಗಿ ಕುತ್ತಿಗೆಗೆ ಹಾಕಿಕೊಳ್ಳಬೇಡಿ ಅಂತ.

ಈಗ ನಿಮ್ಮ ಮುಖ್ಯ ತೊಂದರೆ, ಬಾಗಿಲು. ಒಂದು ಹುಕ್ ತರಿಸಿಕೊಳ್ಳಿ, ತುದಿ ಬಾಗಿದ ಉದ್ದ ಕೋಲು, ಹಾವಿನ ಸಾಮಾನು ಮಾರುವಲ್ಲೆಲ್ಲ ಸಿಗುತ್ತದೆ. ಬಾಗಿಲು ತೆರೆದ ಕೂಡಲೇ, ಏನೇ ಕೆಲಸವಿರಲಿ, ಮೊದಲು ಹುಕ್‌ನಿಂದ ಹಾವಿನ ಮೈಯನ್ನು ಮೆಲ್ಲಗೆ ಸವರಿ. ತಲೆ ಹತ್ತಿರ ಬಂದರೆ ಮೂತಿಯನ್ನೂ ಮೆಲ್ಲಗೆ ತಳ್ಳಿ. ಇದರ ಅರ್ಥ, ಇವತ್ತು ಊಟ ಇಲ್ಲ. ಊಟದ ದಿನ ಮಾತ್ರ ಹುಕ್ ಮುಟ್ಟಿಸಬೇಡಿ. ವಾರದಲ್ಲಿ ಮೂರ್ನಾಲ್ಕು ಸಲ ಸುಮ್ನೆ ಬಾಗಿಲು ತೆರೆದು, ಸವರಿ, ನೀರು ಬದಲಿಸಿ, ಮುಚ್ಚಿ. ನನ್ನ ಬೋವಾಗೆ ಸುಮಾರು ಎರಡು ತಿಂಗಳು ಹಿಡಿಯಿತು. ಈಗ ಹುಕ್ ತಾಗಿದರೆ ಮೈ ಸಡಿಲ ಬಿಡುತ್ತದೆ, ನಾಲಗೆ ನಿಧಾನವಾಗುತ್ತದೆ. ತಾಗಿಸಿದ ಮೇಲೂ ತಲೆ ನಿಮ್ಮನ್ನೇ ಹಿಂಬಾಲಿಸುತ್ತಿದ್ದರೆ ಅವತ್ತು ಬಿಡಿ. ಕಣ್ಣು ಹಾಲು ಬಣ್ಣಕ್ಕೆ ತಿರುಗಿದ್ದರೂ ಬಿಡಿ, ಪೊರೆ ಬಿಡುವ ಹೊತ್ತು, ಸರಿಯಾಗಿ ಕಾಣದೆ ಹೆದರಿ ಹೊಡೆಯುತ್ತದೆ. ಬಾಗಿಲು ತೆರೆಯುವ ಮುಂಚೆ ಪ್ರತಿ ಸಲ ಕೈಗೆ ಸೋಪು. ನೀವು ಬೆಕ್ಕು ನಾಯಿ ಮುದ್ದಿಸಿ ಬಂದಿದ್ದರೆ ಅದೂ ಊಟದ ವಾಸನೆಯೇ.

ಊಟಕ್ಕೆ ಬೇರೆ ಡಬ್ಬಕ್ಕೆ ಹಾಕಬೇಕಂತೆ, ನಿಜವಾ ಅಂತ ಕೇಳಿದ್ದೀರಿ. ಮರಿಗಾದರೆ ನಡೆಯುತ್ತದೆ. 7 ಅಡಿ ಹಾವಿಗೆ ನನ್ನ ಪ್ರಕಾರ ಬೇಡವೇ ಬೇಡ. ಹಸಿದ ಹಾವನ್ನು ಕೈಯಲ್ಲಿ ಎತ್ತಿಕೊಂಡು ಹೋಗಬೇಕು, ತಿಂದು ಇನ್ನೂ ಊಟದ ಗುಂಗಿನಲ್ಲಿರುವ ಹಾವನ್ನು ಮತ್ತೆ ಎತ್ತಿಕೊಂಡು ಬರಬೇಕು. ಕಚ್ಚಿಸಿಕೊಳ್ಳಲು ಒಂದು ಅವಕಾಶ ಸಾಲದು ಅಂತ ಎರಡು ಮಾಡಿಕೊಂಡ ಹಾಗೆ. ತಿಂದ ಹಾವನ್ನು ಅಲುಗಾಡಿಸಿದರೆ ಕಕ್ಕಿಬಿಡುವ ಸಾಧ್ಯತೆಯೂ ಇದೆ. ಆ ಹೊತ್ತಿನಲ್ಲಿ ಅದರ ಒಳಗೆ ಎಂಥಾ ಕೆಲಸ ನಡೆಯುತ್ತದೆ ಗೊತ್ತಾ? ಬರ್ಮೀಸ್ ಹೆಬ್ಬಾವಿನ ಹೃದಯ ಊಟವಾದ ಎರಡೇ ದಿನದಲ್ಲಿ ಶೇಕಡಾ 40ರಷ್ಟು ದೊಡ್ಡದಾಗುತ್ತದೆ ಅಂತ 2005ರಲ್ಲಿ ಅಳೆದು ತೋರಿಸಿದ್ದಾರೆ. ಹಾಗಾಗಿ ಕನಿಷ್ಠ ಮೂರು ದಿನ ಮುಟ್ಟಬೇಡಿ. ಟ್ಯಾಂಕಿನ ಬಿಸಿ ಕಡೆ 31, 32 ಡಿಗ್ರಿ ಇರಲಿ, ತಣ್ಣಗಿದ್ದರೆ ಜೀರ್ಣ ಆಗುವುದಿಲ್ಲ.

ವಾರಕ್ಕೊಂದು ಇಲಿ ಜಾಸ್ತಿಯಾಯಿತು ಸರ್. ಹಸಿದ ಹಾಗೆ ಕಾಣುತ್ತದೆ ಅಂತ ಹಾಕುತ್ತಿದ್ದೀರಿ. ಬೋವಾ ಯಾವಾಗಲೂ ಹಸಿದ ಹಾಗೇ ಕಾಣುತ್ತದೆ, ಮದುವೆ ಮನೆಯ ಕೆಲವು ನೆಂಟರ ಥರ. ದೊಡ್ಡ ಬೋವಾಗೆ ಮೂರು ನಾಲ್ಕು ವಾರಕ್ಕೆ ಒಂದು ಇಲಿ ಸಾಕು. ದಪ್ಪ ಎಷ್ಟು ಅಂದರೆ, ಹಾವಿನ ಮೈಯ ಅತಿ ದಪ್ಪ ಜಾಗಕ್ಕಿಂತ ಮೀರಬಾರದು. ಮೈ ಟಯರ್ ಥರ ಉರುಟಾಗಿದ್ದರೆ ಬೊಜ್ಜು ಬಂದಿದೆ ಅಂತ ತಿಳಿಯಿರಿ. ಬ್ರೆಡ್ ತುಂಡಿನ ಥರ ಸ್ವಲ್ಪ ಚೌಕವಾಗಿರಬೇಕು. ಮೇಲಾಗಿ, ಬಾಗಿಲು ತೆರೆದಾಗೆಲ್ಲ ಇಲಿ ಬಂದರೆ ಹುಕ್ ಪಾಠ ತಲೆಗೆ ಹತ್ತುವುದಾದರೂ ಹೇಗೆ?

ಒಬ್ಬರೇ ಇದ್ದಾಗ ಊಟ ಹಾಕಬೇಡಿ. ನನ್ನ ಬರ್ಮೀಸ್‌ಗೆ ತಿಂಗಳಿಗೊಂದು ಮೊಲ ಹಾಕುವಾಗ ಹೆಂಡತಿಯೋ ಒಬ್ಬ ಗೆಳೆಯನೋ ಪಕ್ಕದಲ್ಲಿ ನಿಂತಿರಲೇಬೇಕು. ಯಾರೂ ಸಿಗದಿದ್ದರೆ ಊಟ ಮುಂದಕ್ಕೆ ಹೋಗುತ್ತದೆ, ಒಂದು ವಾರ ತಡವಾದರೆ ಅದಕ್ಕೇನೂ ಆಗುವುದಿಲ್ಲ. ಅಷ್ಟು ದೊಡ್ಡದು ಸುತ್ತಿಕೊಂಡರೆ ಒಬ್ಬರ ಕೈಯಲ್ಲಿ ಬಿಡಿಸಲು ಆಗುವುದೇ ಇಲ್ಲ, ಆಗ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡುವುದೇ ದಾರಿ. ಬೀಗದ ವಿಷಯದಲ್ಲೂ ಸೋಮಾರಿತನ ಬೇಡ. 2009ರಲ್ಲಿ ಫ್ಲೋರಿಡಾದ ಒಂದು ಮನೆಯಲ್ಲಿ ಟ್ಯಾಂಕಿಗೆ ಮುಚ್ಚಳದ ಬದಲು ಹೊದಿಕೆ ಕಟ್ಟಿದ್ದರು. ಎಂಟೂವರೆ ಅಡಿಯ ಬರ್ಮೀಸ್ ರಾತ್ರಿ ಹೊರಬಂದು ಎರಡು ವರ್ಷದ ಮಗು ಸತ್ತಿತು. ನಿಮ್ಮ ಬೋವಾ ಅದಕ್ಕಿಂತ ಒಂದೂವರೆ ಅಡಿಯಷ್ಟೇ ಚಿಕ್ಕದು.

ಹೋದ ಭಾನುವಾರ ಇಲಿ ಹಾಕಿದೆ ಅಂದಿದ್ದೀರಿ. ಹಾಗಾದರೆ ಇನ್ನು ಎರಡು ವಾರ ಏನೂ ಹಾಕಬೇಡಿ. ಅಷ್ಟರೊಳಗೆ ಹುಕ್ ಮತ್ತು ಇಕ್ಕಳ ಬಂದಿರುತ್ತವೆ. ಬಂದ ದಿನವೇ ಹುಕ್ ಶುರು ಮಾಡಿ, ಆ ಹೆಬ್ಬೆರಳಿನ ಗಾಯ ಇನ್ನೂ ಕೆಂಪಗಿದ್ದರೆ ಅದಕ್ಕೂ ಮುಂಚೆ ಡಾಕ್ಟರ್‌ಗೆ ತೋರಿಸಿ. ಒಳಗೆ ಹಲ್ಲು ಉಳಿದಿರಬಹುದು.