ಕ್ಯಾಮೆರಾ ಪ್ರಶ್ನೋತ್ತರ: ಮದುವೆ ಫೋಟೋಗಳಿಗೆ ಟಿಲ್ಟ್-ಶಿಫ್ಟ್ ಲೆನ್ಸ್

ಪ್ರಶ್ನೆ: ಪೋರ್ಟ್ರೇಟ್ ತೆಗೆಯಲು 90 ಎಂಎಂ ಟಿಲ್ಟ್-ಶಿಫ್ಟ್ ಲೆನ್ಸ್ (ಕ್ಯಾಮೆರಾದ ಮೇಲಿದ್ದಂತೆಯೇ ಬಾಗಿಸಲು, ಸರಿಸಲು ಬರುವ ಲೆನ್ಸ್) ಬಾಡಿಗೆಗೆ ತಂದೆ. ಪೂರ್ತಿ 8 ಡಿಗ್ರಿ ಬಾಗಿಸಿ ತೆಗೆದರೆ ಒಂದು ಕಣ್ಣು ಶಾರ್ಪ್, ಇನ್ನೊಂದು ಮಸುಕು. ಲೆನ್ಸಿನಲ್ಲೇ ದೋಷವಿದೆಯೇ?

ಉತ್ತರ: ಲೆನ್ಸು ಸರಿಯಾಗಿಯೇ ಇದೆ. ಬಾಗಿಸಿದ್ದು ಹೆಚ್ಚಾಗಿದೆ, ಬಹುಶಃ ದಿಕ್ಕೂ ತಪ್ಪಿದೆ. ಟಿಲ್ಟ್ ಇರುವುದೇ ಮಸುಕು ಮಾಡಲು ಎಂದುಕೊಂಡಾಗ ಹೀಗಾಗುತ್ತದೆ. ಅದು ಮಾಡುವ ಕೆಲಸ ಫೋಕಸ್ ಸಮತಲವನ್ನು, ಅಂದರೆ ಶಾರ್ಪ್ ಆಗಿ ಬೀಳುವ ಪದರವನ್ನು, ವಾಲಿಸುವುದು. ಮಾಮೂಲಿ ಲೆನ್ಸಿನಲ್ಲಿ ಈ ಸಮತಲ ಸೆನ್ಸರಿಗೆ ಎದುರಾಗಿ ಗೋಡೆಯಂತೆ ನಿಂತಿರುತ್ತದೆ. ಟಿಲ್ಟ್ ಮಾಡಿದಾಗ ಲೆನ್ಸಿನ ಮೇಲೋ ಕೆಳಗೋ ಪಕ್ಕದಲ್ಲೋ ಇರುವ ಒಂದು ಅಕ್ಷದ ಸುತ್ತ ತಿರುಗುತ್ತದೆ. ಆ ಅಕ್ಷದ ದೂರ ತಿಳಿಯಲು ಫೋಕಲ್ ಲೆಂತನ್ನು ಟಿಲ್ಟ್ ಕೋನದ ಸೈನ್‌ನಿಂದ ಭಾಗಿಸಿ. 90 ಎಂಎಂ ಲೆನ್ಸಿಗೆ 8 ಡಿಗ್ರಿಯಾದರೆ ಸುಮಾರು 65 ಸೆಂ.ಮೀ. ಅಷ್ಟೇ. ಮೂರು ಮೀಟರ್ ದೂರದ ವ್ಯಕ್ತಿಯ ಮೇಲೆ ಫೋಕಸ್ ಮಾಡಿದರೆ ಸಮತಲ ನಿಮ್ಮ ದೃಷ್ಟಿರೇಖೆಯ ಜತೆಗೇ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಫುಲ್ ಫ್ರೇಮ್ (36×24 ಎಂಎಂ ಸೆನ್ಸರಿನ) ಕ್ಯಾಮೆರಾದಲ್ಲಿ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು) ಎಫ್/2.8ರಲ್ಲಿ ಇಟ್ಟಾಗ, ಅಲ್ಲಿ ಸ್ಪಷ್ಟವಾಗಿ ಉಳಿಯುವ ಪಟ್ಟಿಯ ಅಗಲ 4 ಸೆಂ.ಮೀ. ಆಸುಪಾಸು. ಎರಡು ಕಣ್ಣುಪಾಪೆಗಳ ನಡುವೆಯೇ 6 ಸೆಂ.ಮೀ. ಇರುತ್ತದಲ್ಲ!

ನೀವು ಪಕ್ಕಕ್ಕೆ ಬಾಗಿಸಿದ್ದರೆ ಆ ಪಟ್ಟಿ ಮುಖದ ಮೇಲೆ ಲಂಬವಾಗಿ ಬಿದ್ದಿದೆ, ಅದಕ್ಕೇ ಒಂದೇ ಕಣ್ಣು ಸಿಕ್ಕಿದೆ. ಮೇಲಕ್ಕೋ ಕೆಳಕ್ಕೋ ಬಾಗಿಸಿದರೆ ಪಟ್ಟಿ ಅಡ್ಡಲಾಗಿ ಬಿದ್ದು ಎರಡೂ ಕಣ್ಣು ಒಳಗೆ ಬರುತ್ತವೆ. ಆದರೆ ತಲೆ ಸ್ವಲ್ಪ ಓರೆಯಾದರೂ ಮತ್ತೆ ಅದೇ ಕಥೆ. ಆಗ ಟಿಲ್ಟ್ ಹೆಚ್ಚಿಸಬೇಡಿ. ಲೆನ್ಸನ್ನು ಮೌಂಟಿನ ಮೇಲೆ ಒಂದಿಷ್ಟು ತಿರುಗಿಸಿ, ಪಟ್ಟಿಯನ್ನು ಕಣ್ಣುಗಳ ಗೆರೆಗೆ ಹೊಂದಿಸಿ. ಕೋನವನ್ನು 4 ಡಿಗ್ರಿಗೆ ಇಳಿಸಿದರೆ ಪಟ್ಟಿ 8 ಸೆಂ.ಮೀ. ಆಗುತ್ತದೆ, ಮುಖಕ್ಕೆ ಇದು ಸಾಕು. ಅಪರ್ಚರನ್ನು ಎಫ್/5.6ಕ್ಕೆ ಕಿರಿದು ಮಾಡಿದರೂ ಪಟ್ಟಿ ಅಷ್ಟೇ ಹಿಗ್ಗುತ್ತದೆ, ಆದರೆ ಬೇಕಿದ್ದ ಮಸುಕು ಸಪ್ಪೆಯಾಗುತ್ತದೆ. ನಮ್ಮ ಆಯ್ಕೆ ಮೊದಲನೆಯದೇ.

ಇನ್ನೊಂದು ಮಾತು. ವಾಲಿದ ಸಮತಲ ಮುಖದಲ್ಲೇ ನಿಲ್ಲುವುದಿಲ್ಲ, ಹಿಂದಕ್ಕೂ ಸಾಗುತ್ತದೆ. ಲೆನ್ಸನ್ನು ಕೆಳಕ್ಕೆ ಬಾಗಿಸಿದರೆ ಹಿಂದೆ ಮೇಲಕ್ಕೇರುತ್ತದೆ, ಮೇಲಕ್ಕೆ ಬಾಗಿಸಿದರೆ ನೆಲಕ್ಕಿಳಿಯುತ್ತದೆ. ಮಸುಕಾದ ಹಿನ್ನೆಲೆಯ ನಡುವೆ ಎಲ್ಲೋ ಒಂದು ತೂಗುದೀಪ ಎದ್ದು ಕಂಡರೆ ಕಾರಣ ಇದೇ. ಹಿಂದೆ ಬರೀ ಆಕಾಶವಿದ್ದರೆ ಕೆಳಕ್ಕೆ ಬಾಗಿಸುವುದು ಕ್ಷೇಮ.

ಪ್ರಶ್ನೆ: ವಧು ಮುಂದೆ, ವರ ಒಂದು ಮೀಟರ್ ಹಿಂದೆ. ಇಬ್ಬರ ಮುಖವೂ ಶಾರ್ಪ್ ಆಗಿ, ಹಿನ್ನೆಲೆ ಮಾತ್ರ ಕರಗಬೇಕು. ಸಾಧ್ಯವೇ?

ಉತ್ತರ: ಟಿಲ್ಟ್ ಲೆನ್ಸಿಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಇಂಥ ಕಡೆಯೇ. ವಧು 3 ಮೀಟರ್, ವರ 4 ಮೀಟರ್ ದೂರದಲ್ಲಿ, ನಡುವೆ ಅಡ್ಡಲಾಗಿ 80 ಸೆಂ.ಮೀ. ಅಂತರ ಎಂದಿಟ್ಟುಕೊಳ್ಳಿ. ಮಾಮೂಲಿ 90 ಎಂಎಂ ಲೆನ್ಸಿನಲ್ಲಿ ಇಬ್ಬರನ್ನೂ ಹಿಡಿಯಲು ಎಫ್/11ರ ಆಚೆಗೆ ಹೋಗಬೇಕು. ಹಿನ್ನೆಲೆ ಗಟ್ಟಿಯಾಗಿ ಎದ್ದು ಬರುತ್ತದೆ, ಬೆಳಕೂ ಹದಿನಾರು ಪಟ್ಟು ಬೇಕು. ಅದೇ ದೂರಕ್ಕೆ ಟಿಲ್ಟ್ ಬೇಕಾದದ್ದು 2 ಡಿಗ್ರಿಗಿಂತ ಕಡಿಮೆ. ಅಪರ್ಚರ್ ಎಫ್/2.8ರಲ್ಲೇ ಇರಲಿ.

ಲೆನ್ಸಿನ ಮುಖ ಹತ್ತಿರ ಇರುವವರ ಕಡೆಗೆ ತಿರುಗಬೇಕು. ವಧು ಎಡಕ್ಕಿದ್ದರೆ ಎಡಕ್ಕೆ. ಉಲ್ಟಾ ತಿರುಗಿಸಿದರೆ ಎಷ್ಟು ಹೊತ್ತು ಒದ್ದಾಡಿದರೂ ಇಬ್ಬರೂ ಒಟ್ಟಿಗೆ ಸಿಗುವುದಿಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಟಿಲ್ಟ್, ಶಿಫ್ಟ್ ಎರಡನ್ನೂ ಸೊನ್ನೆಯಲ್ಲಿಟ್ಟು ಬೆಳಕು ಅಳೆದು, ಎಕ್ಸ್‌ಪೋಶರನ್ನು ಮ್ಯಾನುಯಲ್‌ನಲ್ಲಿ ಹಾಕಿಡಿ. ಬಾಗಿಸಿದ ಮೇಲೆ ಮೀಟರ್ ಸುಳ್ಳು ಹೇಳುತ್ತದೆ. ಲೈವ್ ವ್ಯೂನಲ್ಲಿ (ಹಿಂಬದಿ ಪರದೆಯ ನೇರ ನೋಟದಲ್ಲಿ) 10 ಪಟ್ಟು ಹಿಗ್ಗಿಸಿ ವಧುವಿನ ಕಣ್ಣಿಗೆ ಫೋಕಸ್ ಮಾಡಿ. ಈಗ ವರನ ಕಣ್ಣನ್ನು ನೋಡುತ್ತ, ಅದು ಸ್ಪಷ್ಟವಾಗುವವರೆಗೆ ನಿಧಾನವಾಗಿ ಟಿಲ್ಟ್ ಕೊಡಿ. ಅಷ್ಟರಲ್ಲಿ ವಧುವಿನ ಫೋಕಸ್ ಕೊಂಚ ಜಾರಿರುತ್ತದೆ. ಅದನ್ನು ಸರಿಪಡಿಸಿ ಮತ್ತೆ ವರನತ್ತ ಬನ್ನಿ. ಎರಡು ಮೂರು ಸುತ್ತಿಗೆ ಕೂಡಿಬರುತ್ತದೆ. ಕೊನೆಗೆ ಲಾಕ್ ಸ್ಕ್ರೂ ಬಿಗಿ ಮಾಡಿ. ಫೋಕಸ್ ಪೀಕಿಂಗನ್ನು (ಫೋಕಸ್ ಆದ ಅಂಚುಗಳಿಗೆ ಪರದೆಯಲ್ಲಿ ಬಣ್ಣ ಹಚ್ಚುವ ಸೌಲಭ್ಯ) ಇಲ್ಲಿ ನಂಬಬೇಡಿ, ಅದರ ಬಣ್ಣದ ಗೆರೆ ನಿಜವಾದ ಫೋಕಸ್‌ಗಿಂತ ಉದಾರ.

ಕ್ಯಾನನ್ ಟಿಎಸ್-ಇ, ನಿಕಾನ್ ಪಿಸಿ-ಇ ಹೆಸರಿನ ಟಿಲ್ಟ್-ಶಿಫ್ಟ್ ಲೆನ್ಸುಗಳಲ್ಲಿ ಆಟೋಫೋಕಸ್ ಇಲ್ಲ. ಹಾಗಾಗಿ ನಡೆದು ಬರುವ ಜೋಡಿಯನ್ನು ಇದರಲ್ಲಿ ಹಿಡಿಯಲು ಹೋಗಬೇಡಿ. ಜಾಗ ಗೊತ್ತು ಮಾಡಿ ನಿಲ್ಲಿಸಿದ ಚಿತ್ರಗಳಿಗಷ್ಟೇ ಇದು.

ಪ್ರಶ್ನೆ: ದೊಡ್ಡ ಕಟ್ಟಡದ ಮುಂದೆ ಗುಂಪು ಫೋಟೋಗೆ 24 ಎಂಎಂ ಶಿಫ್ಟ್ ಬಳಸಬಹುದೇ? ಅಂಚಿನ ಮುಖಗಳು ಹಿಗ್ಗುವ ಭಯ.

ಉತ್ತರ: ಬಳಸಿ. ಕ್ಯಾಮೆರಾವನ್ನು ಮೇಲಕ್ಕೆತ್ತದೆ ಮಟ್ಟವಾಗಿಟ್ಟು ಲೆನ್ಸನ್ನು ಮೇಲಕ್ಕೆ ಸರಿಸಿದರೆ ಕಂಬ, ಗೋಡೆ ನೆಟ್ಟಗಿರುತ್ತವೆ. ಕಣ್ಣಿನ ಎತ್ತರದಲ್ಲಿ ಕ್ಯಾಮೆರಾ ಹಿಡಿದಾಗ ನಡುವಿನವರ ಮುಖಗಳು ಲೆನ್ಸಿನ ಅಕ್ಷದ ಹತ್ತಿರವೇ ಬೀಳುವುದರಿಂದ, ಮೇಲ್ಮುಖದ ಎಳೆತವೆಲ್ಲ ಕಟ್ಟಡದ ತುದಿಗೆ ಹೋಗುತ್ತದೆ. ಎಡ ಬಲ ತುದಿಯವರ ವಿಷಯದಲ್ಲಿ ನಿಮ್ಮ ಭಯ ನಿಜ. ಗುಂಪನ್ನು ಫ್ರೇಮಿನ ನಡುಭಾಗದಲ್ಲಿ ಒತ್ತಾಗಿ ನಿಲ್ಲಿಸಿ, ಪಕ್ಕದ ಜಾಗವನ್ನು ಗೋಡೆಗೆ ಬಿಡಿ. ಪಕ್ಕಕ್ಕಂತೂ ಶಿಫ್ಟ್ ಮಾಡಲೇಬೇಡಿ.

ಸಾಮಾನ್ಯವಾಗಿ ಎಡವುವುದು ಪಾದಗಳಲ್ಲಿ. ಅಡ್ಡ ಫ್ರೇಮಿನಲ್ಲಿ 12 ಎಂಎಂ ಪೂರ್ತಿ ಸರಿಸಿದರೆ ನಿಮ್ಮ ಕಣ್ಣಿನ ಮಟ್ಟವೇ ಚಿತ್ರದ ಕೆಳ ಅಂಚಾಗುತ್ತದೆ, ಜನರ ದೇಹವೇ ಮಾಯ. 6 ಎಂಎಂ ಸರಿಸಿ, ಕ್ಯಾಮೆರಾ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಪಾದ ಸೇರಲು ಕನಿಷ್ಠ 6 ಮೀಟರ್ ದೂರ ಬೇಕು. ಶಿಫ್ಟ್ ಮಾತ್ರ ಸಾಕೆಂದಾಗ ಟಿಲ್ಟ್ ಸೊನ್ನೆಯಲ್ಲಿ ಲಾಕ್ ಆಗಿದೆಯೇ ಎಂದು ಪ್ರತಿ ಸಲ ನೋಡಿ. ಅರ್ಧ ಡಿಗ್ರಿ ಜಾರಿದ್ದು ಪುಟ್ಟ ಪರದೆಯಲ್ಲಿ ಕಾಣದೆ ದೊಡ್ಡ ಪ್ರಿಂಟಿನಲ್ಲಿ ಕಾಣುತ್ತದೆ.

ಪ್ರಶ್ನೆ: ದುಬಾರಿ ಲೆನ್ಸ್ ಬೇಡ. ಫೋಟೋಶಾಪ್‌ನ ಟಿಲ್ಟ್-ಶಿಫ್ಟ್ ಬ್ಲರ್ ಸಾಲದೇ?

ಉತ್ತರ: ಪೋರ್ಟ್ರೇಟಿಗೆ ಸಾಲದು. ಆ ಫಿಲ್ಟರಿಗೆ ದೂರ ಗೊತ್ತಿಲ್ಲ. ಪಟ್ಟಿಯೊಳಗೆ ಬಿದ್ದದ್ದನ್ನೆಲ್ಲ, ಕಿವಿಯ ಹಿಂದಿನ ಮರವನ್ನೂ, ಶಾರ್ಪ್ ಆಗಿಯೇ ಬಿಡುತ್ತದೆ. ಅದಕ್ಕಿಂತ ಹಳೆಯ 50 ಎಂಎಂ ಮ್ಯಾನುಯಲ್ ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಅನಂತಕ್ಕೆ ಫೋಕಸ್ ಇಟ್ಟು, ಮೌಂಟಿನ ಮುಂದೆ ಕೈಯಲ್ಲಿ ಹಿಡಿದು ಓರೆ ಮಾಡಿ ನೋಡಿ. ಮಿರರ್‌ಲೆಸ್ ಆದರೆ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಬೇಕು. ಅಪರ್ಚರ್ ರಿಂಗ್ ಇಲ್ಲದ ನಿಕಾನ್ ಜಿ ಲೆನ್ಸು ಬಿಚ್ಚಿದ ಕೂಡಲೇ ಮುಚ್ಚಿಕೊಳ್ಳುತ್ತದೆ, ಇದಕ್ಕೆ ಒಗ್ಗದು. ಸಂದಿಯಿಂದ ನುಗ್ಗುವ ಬೆಳಕು ಚಿತ್ರವನ್ನು ಮಂಕಾಗಿಸಿದರೆ ಅಂಗೈಯಿಂದ ಮರೆಮಾಡಿ. ಧೂಳು, ಗಾಳಿ ಇರುವ ಕಡೆ ಈ ಪ್ರಯೋಗ ಬೇಡ, ಸೆನ್ಸರ್ ತೆರೆದೇ ಇರುತ್ತದೆ.